ವೃತ್ತದ ನಡುವಿನ ಕೋಣೆ



ದೆಹಲಿಯ ಹಳೆಯ ಸಂಸತ್ ಭವನವನ್ನು ನೀವು ಪಠ್ಯಪುಸ್ತಕದಲ್ಲಿ, ಕಿರುತೆರೆಯಲ್ಲಿ ಎಷ್ಟೋ ಸಲ ಕಂಡಿದ್ದೀರಿ. ಕಣ್ಣಿಗೆ ಬೀಳುವುದು ಕಂಬಗಳ ಸಾಲು ಮಾತ್ರ. ನಮ್ಮ ಕ್ಯಾಮೆರಾ ಕೂಡ ಹೆಚ್ಚಾಗಿ ಅಲ್ಲಿಗೇ ನಿಂತುಬಿಡುತ್ತದೆ. ಈ ಕಟ್ಟಡದ ಗುಟ್ಟು ಇರುವುದು ಅದರ ನಕ್ಷೆಯಲ್ಲಿ.

ಒಂದು ಹಾಳೆ, ಒಂದು ಕೈವಾರ ತೆಗೆದುಕೊಳ್ಳಿ. ವೃತ್ತ ಎಳೆದು ವ್ಯಾಸ 560 ಅಡಿ ಎಂದು ಬರೆಯಿರಿ. ಪರಿಧಿ ಸುಮಾರು 1760 ಅಡಿ, ಅಂದರೆ ಮೈಲಿಯ ಮೂರನೇ ಒಂದು ಭಾಗ. ಈ ಸುತ್ತಿನಲ್ಲಿ 27 ಅಡಿ ಎತ್ತರದ 144 ಮರಳುಗಲ್ಲಿನ ಕಂಬಗಳಿವೆ. ಕಂಬಕ್ಕೂ ಕಂಬಕ್ಕೂ ಎಷ್ಟು ದೂರ? ಲೆಕ್ಕ ನಿಮಗೇ ಬಿಟ್ಟಿದ್ದೇನೆ.

ವಾಸ್ತುಶಿಲ್ಪಿಗಳು ಎಡ್ವಿನ್ ಲುಟ್ಯೆನ್ಸ್ ಮತ್ತು ಹರ್ಬರ್ಟ್ ಬೇಕರ್. ಇಬ್ಬರೂ ಇಂಗ್ಲೆಂಡಿನವರು. ಆದರೂ ದೆಹಲಿಯ ಬಿಸಿಲು ಅವರಿಗೆ ನಮ್ಮ ಜಾಲಂಧ್ರವನ್ನೂ ಮುಂಚಾಚಿದ ಕಲ್ಲಿನ ಸೂರನ್ನೂ ಕಲಿಸಿತು. 1921ರಲ್ಲಿ ಅಡಿಗಲ್ಲು ಬಿದ್ದ ಭವನ 1927ರ ಜನವರಿಯಲ್ಲಿ ಉದ್ಘಾಟನೆಗೊಂಡಿತು.

ಈಗ ವೃತ್ತದೊಳಗೆ ಮೂರು ಸಭಾಂಗಣಗಳನ್ನು ಗುರುತಿಸಿ. ಎರಡು ಅಂದಿನ ಶಾಸನಸಭೆಗಳಿಗೆ, ಮೂರನೆಯದು ದೇಶೀ ಸಂಸ್ಥಾನಗಳ ರಾಜರಿಗೆ. ನಟ್ಟನಡುವೆ, 98 ಅಡಿ ವ್ಯಾಸದ ಗುಮ್ಮಟದಡಿ ಇದ್ದದ್ದು ಗ್ರಂಥಾಲಯ. ಸಾಮ್ರಾಜ್ಯದ ಲೆಕ್ಕಾಚಾರ ಹೀಗಿತ್ತು. ಆದರೆ 1946ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆ ಮೊದಲ ಬಾರಿಗೆ ಸೇರಿದ್ದು ಪುಸ್ತಕಗಳಿಗೆಂದು ಮೀಸಲಿಟ್ಟಿದ್ದ ಆ ಕೋಣೆಯಲ್ಲಿ! ರಾಜರ ಸಭಾಂಗಣದಲ್ಲಿ 1950ರಿಂದ 1958ರವರೆಗೆ ಸುಪ್ರೀಂ ಕೋರ್ಟ್ ಕಲಾಪ ನಡೆಸಿತು. ದೊರೆಗಳು ಕೂರಬೇಕಿದ್ದ ಕಡೆ ಸಾಮಾನ್ಯ ಪ್ರಜೆಯ ಅರ್ಜಿ ವಿಚಾರಣೆಗೆ ಬಂತು. ಈ ಕಟ್ಟಡದಲ್ಲಿ ನನಗೆ ಕಂಬಗಳಿಗಿಂತ ದೊಡ್ಡದಾಗಿ ಕಾಣುವುದು ಇದೇ.

ಅಂದ ಹಾಗೆ, ಆ ನಡುಕೋಣೆಯ ಫ್ಯಾನುಗಳು ತಲೆಕೆಳಗು! ಎತ್ತರದ ಗುಮ್ಮಟದಿಂದ ಇಳಿಬಿಡದೆ, ನೆಲದಿಂದ ನಿಲ್ಲಿಸಿದ ಕಂಬಗಳ ತುದಿಗೆ ಕೂರಿಸಿದ್ದಾರೆ.

ಹೊರಗಿನ ಶಿಲ್ಪಗಳಲ್ಲಿ ಒಂದನ್ನಾದರೂ ಹೇಳಲೇಬೇಕು. ಧ್ಯಾನಕ್ಕೆ ಕುಳಿತ ಗಾಂಧೀಜಿಯ 16 ಅಡಿ ಎತ್ತರದ ಕಂಚಿನ ಪ್ರತಿಮೆ ರಾಮ್ ಸುತಾರರ ಕೃತಿ. 1993ರಲ್ಲಿ ಅನಾವರಣಗೊಂಡ ಅದರ ಎದುರೇ ಸಂಸದರು ಪ್ರತಿಭಟನೆಗೆ ಸೇರುತ್ತಿದ್ದರು. 2024ರಲ್ಲಿ ಅದನ್ನು ಆವರಣದ ‘ಪ್ರೇರಣಾ ಸ್ಥಳ’ಕ್ಕೆ ಸಾಗಿಸಿದಾಗ ವಿವಾದವೇ ಎದ್ದಿತು. ಶಿಲ್ಪ ಅದೇ, ಕಂಚೂ ಅದೇ. ಆದರೆ ಯಾರ ದಾರಿಗೆ ಎದುರಾಗಿ ಕುಳಿತಿದೆ ಎಂಬುದೂ ಪ್ರತಿಮೆಯ ಅರ್ಥದ ಒಂದು ಪಾಲಲ್ಲವೇ?

2023ರಲ್ಲಿ ಸಂಸತ್ತು ಪಕ್ಕದ ಹೊಸ ಭವನಕ್ಕೆ ಹೋಯಿತು. ಹಳೆಯದಕ್ಕೆ ‘ಸಂವಿಧಾನ ಸದನ’ ಎಂಬ ಹೆಸರು ಬಂತು. ನಿಮ್ಮ ಹಾಳೆಯಲ್ಲಿ ಜಾಗ ಉಳಿದಿದ್ದರೆ ವೃತ್ತದ ಪಕ್ಕಕ್ಕೆ ಒಂದು ತ್ರಿಕೋನ ಬರೆಯಿರಿ. ಹೊಸ ಭವನದ ಆಕಾರ ಅದು.