ಮಗನ ಕಾರು, ಅವ್ವನ ಮೊಣಕಾಲು

ಮಠದ ಅಂಗಳದಲ್ಲಿ ಐಷಾರಾಮಿ ಕಾರಿನ ಮಾತೇ ಎಂದು ಮುನಿಯಬೇಡಿ. ದುಡಿದ ಹಣ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ನಮ್ಮ ಮನೆಗೂ ಬಂತು.

ಬೆಂಗಳೂರಿನ ಮಗ ಬಿಎಂಡಬ್ಲ್ಯು ಕೊಳ್ಳಲು ಹೊರಟ. ಚಿಕ್ಕದು 330ಎಲ್‌ಐ, ಮಧ್ಯಮದ್ದು 530ಎಲ್‌ಐ. "ಅವ್ವನ ಮೊಣಕಾಲಿಗೆ ದೊಡ್ಡದೇ ಇರಲಿ, ಅಪ್ಪಾ" ಎಂದ. ಬೆಲೆಯ ಅಂತರ ಸುಮಾರು ಹತ್ತು ಲಕ್ಷ. ಎಂಜಿನ್ ನೋಡಿದರೆ ಎರಡರಲ್ಲೂ ಎರಡು ಲೀಟರಿನ ಪೆಟ್ರೋಲ್, 258 ಅಶ್ವಶಕ್ತಿ. ಹಗುರವಾದ ಚಿಕ್ಕದೇ ಚುರುಕು.

ನಾನು ರಸ್ತೆ ಮಾಡಿಸಿದವನು, ಹಂಪ್‌ಗಳ ಚಿಂತೆ ನನಗೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ ಚಿಕ್ಕದಕ್ಕೆ 2961 ಮಿ.ಮೀ., ದೊಡ್ಡದಕ್ಕೆ 3105. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದರ ನೆತ್ತಿಯ ಮೇಲೆ ಚಿಕ್ಕ ಕಾರಿನ ಹೊಟ್ಟೆಯತ್ತ ಡಾಂಬರು ಸುಮಾರು 65 ಮಿ.ಮೀ. ಏರುತ್ತದೆ, ದೊಡ್ಡದಕ್ಕೆ 71. ಆರೇ ಮಿ.ಮೀ.! ನಮ್ಮ ಹಳ್ಳಿಗಳ ಮುಂದಿನ ಕಿರಿದಾದ ದಿಬ್ಬಕ್ಕಂತೂ ಎರಡೂ ಒಂದೇ. ನನ್ನ ಲೆಕ್ಕ ಕೆಲಸಕ್ಕೆ ಬರಲಿಲ್ಲ.

ಕೊನೆಗೆ ಆಕೆಯನ್ನೇ ಕರೆದೊಯ್ದೆವು. ದೊಡ್ಡದರ ಹಿಂದೆ ಕಾಲು ಚಾಚಿ ಹಿಗ್ಗಿದಳು. ಏಳುವಾಗ ನರಳಿದಳು. ಸೆಡಾನ್ ಎಂದರೆ ತಗ್ಗೇ. ನೋಯುವ ಮೊಣಕಾಲಿಗೆ ಬೇಕಾದದ್ದು ಚಾಚುವ ಜಾಗಕ್ಕಿಂತ ಕೂಡುವ ಎತ್ತರ. ನನಗಾಗಲಿ ಮಗನಿಗಾಗಲಿ ಇದು ಹೊಳೆದಿರಲಿಲ್ಲ. ಹಿಂದಿನ ಸೀಟು ಏರುವುದಿಲ್ಲ, ಮುಂದಿನದು ಏರುತ್ತದೆ. ಚಿಕ್ಕದರ ಮುಂದಿನ ಸೀಟನ್ನು ಗುಂಡಿ ಒತ್ತಿ ಎತ್ತಿಸಿದೆವು. ತಾನೇ ಇಳಿದಳು.

"ನಾ ಮುಂದ ಕೂಡ್ತೀನಿ. ನೀವು ಹಿಂದ ಕೂಡ್ರಿ."

ಮಗ ಚಿಕ್ಕದಕ್ಕೇ ಮುಂಗಡ ಕೊಟ್ಟ. ಸಿಂದಗಿಗೆ ಬರುವಾಗೆಲ್ಲ ಹಿಂದಿನ ಸೀಟು ನನ್ನದು.