ಒಡಂಬಡಿಕೆಗಳ ಸಾಕ್ಷ್ಯ

1784ನೆಯ ಇಸವಿ ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿಗೂ ಒಂದು ಒಡಂಬಡಿಕೆಯಾಯಿತು. ಗೆದ್ದುಕೊಂಡ ಸ್ಥಳಗಳನ್ನು ಒಬ್ಬರಿಗೊಬ್ಬರು ಹಿಂದಿರುಗಿಸತಕ್ಕದ್ದೆಂಬುದು ಅದರ ಮುಖ್ಯವಾದ ನಿಬಂಧನೆ. ಸರಿಸಮಾನರಾದ ಇಬ್ಬರು ಮಾಡಿಕೊಂಡ ಕರಾರು ಅದು. ಕೆಲವೇ ವರ್ಷಗಳಲ್ಲಿ ಸುಲ್ತಾನನ ರಾಯಭಾರಿಗಳು ಕಾನ್‌ಸ್ಟಾಂಟಿನೋಪಲಿಗೂ ಫ್ರಾನ್ಸಿಗೂ ಹೋದರು. 1788ರಲ್ಲಿ ಹದಿನಾರನೆಯ ಲೂಯಿ ದೊರೆಯು ಅವರಿಗೆ ದರ್ಶನವಿತ್ತನು.

ಇನ್ನು 1891ನೆಯ ಇಸವಿ ಆಗಸ್ಟ್ 21ರ ಸರ್ಕಾರಿ ಪ್ರಕಟಣೆಯನ್ನು ನೋಡೋಣ. ಮಹಾರಾಣಿಯ ಪ್ರತಿನಿಧಿಯಾದ ಇಂಡಿಯಾ ಸರ್ಕಾರಕ್ಕೂ ದೇಶೀಯ ಸಂಸ್ಥಾನಗಳಿಗೂ ಇರುವ ಸಂಬಂಧಕ್ಕೆ ಅಂತರರಾಷ್ಟ್ರೀಯ ನ್ಯಾಯದ ತತ್ತ್ವಗಳು ಅನ್ವಯಿಸವೆಂಬುದು ಅದರ ಸಾರಾಂಶ. ನೂರೇಳು ವರ್ಷಗಳ ಅಂತರದಲ್ಲಿ ರಾಜ್ಯಗಳು ಸೋತವೆಂಬುದು ಸರಿಯೆ. ಆದರೆ ಸೋತವನು ಮೊದಲಿನಿಂದಲೂ ಆ ನ್ಯಾಯದ ಹೊರಗಿದ್ದವನೆಂದು ಹೇಳಲು ಎಲ್ಲಿಯ ಆಧಾರ?

ಈ ಪ್ರಶ್ನೆಯನ್ನು ಹಿಡಿದು ಶ್ರಮಪಟ್ಟವರು ಪೋಲೆಂಡ್ ಮೂಲದ ಪಂಡಿತರಾದ ಚಾರ್ಲ್ಸ್ ಹೆನ್ರಿ ಅಲೆಕ್ಸಾಂಡ್ರೊವಿಚ್ ಅವರು. 1951ರಿಂದ ಹತ್ತು ವರ್ಷ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ ಮಾಡಿದ ಅವರು ಪಠ್ಯಗ್ರಂಥಗಳನ್ನು ಬದಿಗಿಟ್ಟು ಹಳೆಯ ಒಡಂಬಡಿಕೆಗಳನ್ನೇ ಓದತೊಡಗಿದರು. ಅವರ ಮುಖ್ಯ ಗ್ರಂಥ 1967ರಲ್ಲಿ ಹೊರಬಂದಿತು. ಹದಿನಾರನೆಯ ಶತಮಾನದಿಂದ ಹದಿನೆಂಟನೆಯದರವರೆಗೆ ಪೋರ್ಚುಗೀಸರೂ ಡಚ್ಚರೂ ಇಂಗ್ಲಿಷರೂ ಫ್ರೆಂಚರೂ ಇಲ್ಲಿಯ ಅರಸರೊಡನೆ ಕರಾರು ಮಾಡಿಕೊಂಡರು, ರಾಯಭಾರಿಗಳನ್ನು ಕಳುಹಿಸಿದರು. ಅರಸರು ಸ್ವತಂತ್ರರೆಂಬ ಗ್ರಹಿಕೆಯಿಲ್ಲದೆ ಇದು ಸಾಧ್ಯವಿರಲಿಲ್ಲವೆಂಬುದು ಅವರ ವಾದ. ಕ್ರೈಸ್ತರಲ್ಲವೆಂದೋ 'ನಾಗರಿಕ'ರಲ್ಲವೆಂದೋ ಏಷ್ಯದ ರಾಜ್ಯಗಳನ್ನು ರಾಷ್ಟ್ರಗಳ ಪಂಕ್ತಿಯಿಂದ ಎಬ್ಬಿಸಿದವರು ಹತ್ತೊಂಬತ್ತನೆಯ ಶತಮಾನದ ನ್ಯಾಯಶಾಸ್ತ್ರಜ್ಞರು.

ಅವರು ಮುಂದಿಡುವ ದೊಡ್ಡ ಸಾಕ್ಷಿ ಗ್ರೋಷಿಯಸ್. 1603ರಲ್ಲಿ ಸಿಂಗಪುರದ ಬಳಿ ಡಚ್ಚರು ಪೋರ್ಚುಗೀಸರ ಹಡಗೊಂದನ್ನು ಹಿಡಿದಾಗ ಅದನ್ನು ಸಮರ್ಥಿಸಲು ಹೊರಟ ಈ ತರುಣ ವಕೀಲನು 1609ರಲ್ಲಿ ಸಮುದ್ರವು ಸರ್ವರಿಗೂ ಮುಕ್ತವೆಂಬ ಗ್ರಂಥವನ್ನು ಪ್ರಕಟಿಸಿದನು. ಜಾವಾ, ಸಿಂಹಳ ಮೊದಲಾದ ನಾಡುಗಳಿಗೆ ತಮ್ಮವೇ ಆದ ಅರಸರೂ ಕಟ್ಟಳೆಗಳೂ ಉಂಟು. ಪೋರ್ಚುಗೀಸರು ಅಲ್ಲಿ ಅಪ್ಪಣೆ ಪಡೆದು ನಿಂತವರೇ ಹೊರತು ಒಡೆಯರಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಿಂದೂ ಮಹಾಸಾಗರದ ಹಳೆಯ ನೌಕಾಚಾರವೇ ಗ್ರೋಷಿಯಸನಿಗೆ ಪ್ರೇರಣೆಯಾಗಿರಬೇಕೆಂದು ಅಲೆಕ್ಸಾಂಡ್ರೊವಿಚ್ ಊಹಿಸುತ್ತಾರೆ. ಇದು ಊಹೆಯೇ ಸರಿ. ನೇರವಾದ ಪ್ರಮಾಣ ಸಾಲದೆಂದು ನನಗೆ ತೋರುತ್ತದೆ. ರಹದಾರಿಯಿಲ್ಲದ ಹಡಗುಗಳನ್ನು ಪೋರ್ಚುಗೀಸರು ಹಿಡಿದು ಸುಲಿಯುತ್ತಿದ್ದುದನ್ನು ನೆನೆದರೆ, ಕಾಗದದ ಮೇಲಿನ ಸಮಾನತೆ ಕಡಲಿನ ಮೇಲೆ ಎಷ್ಟು ಉಳಿಯಿತೆಂಬ ಸಂಶಯವೂ ಬಾರದಿರದು.

ಇಷ್ಟಾದರೂ ಈ ಚರ್ಚೆ ಪಂಡಿತರ ಕೋಣೆಯಲ್ಲಿಯೇ ಉಳಿಯಲಿಲ್ಲ. ದಾದ್ರಾ, ನಗರ ಹವೇಲಿಗಳಿಗೆ ಭಾರತದ ನೆಲದ ಮೂಲಕ ಹೋಗುವ ಹಕ್ಕು ತನಗುಂಟೆಂದು ಪೋರ್ಚುಗಲ್ 1955ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದೂರಿತ್ತಿತು. ಆಧಾರ, 1779ರಲ್ಲಿ ಮರಾಠರೊಡನೆ ಆದ ಪುಣೆಯ ಒಡಂಬಡಿಕೆ. ವಿಚಿತ್ರವೆಂದರೆ, ಅದು ಸಿಂಧುವಾದ ಒಡಂಬಡಿಕೆಯೇ ಅಲ್ಲವೆಂದು ವಾದಿಸಿದವರು ನಮ್ಮವರು, ಹೌದೆಂದವರು ಪೋರ್ಚುಗೀಸರು! ಹದಿನೆಂಟನೆಯ ಶತಮಾನದ ಪತ್ರವನ್ನು ಅನಂತರ ಬೆಳೆದುಬಂದ ಪದ್ಧತಿಗಳಿಂದ ಅಳೆಯಕೂಡದೆಂದು ನ್ಯಾಯಾಲಯವು 1960ನೆಯ ಇಸವಿ ಏಪ್ರಿಲ್ 12ರ ತೀರ್ಪಿನಲ್ಲಿ ಹೇಳಿ, ಅದನ್ನು ಸಿಂಧುವೆಂದೇ ಎಣಿಸಿತು.

ಹಾಗಾದರೆ ಪೋರ್ಚುಗಲ್ ಗೆದ್ದಿತೇ? ಇಲ್ಲ. ಪತ್ರವನ್ನು ಮನ್ನಿಸಿದ ಮೇಲೆ ಅದನ್ನು ಓದಬೇಕಷ್ಟೆ. ನ್ಯಾಯಾಧೀಶರು ಅದರ ಮರಾಠಿ ಪಾಠವನ್ನೂ 1783, 1785ರ ಪೇಶ್ವೆ ಸರ್ಕಾರದ ಆಜ್ಞೆಗಳನ್ನೂ ಪರಿಶೀಲಿಸಿದರು. ವರ್ಷಕ್ಕೆ 12,000 ರೂಪಾಯಿ ಹುಟ್ಟುವಳಿಯ ಗ್ರಾಮಗಳ ಕಂದಾಯವನ್ನು ಜಹಗೀರಾಗಿ ಬಿಟ್ಟುಕೊಟ್ಟದ್ದು ಮಾತ್ರ ಅಲ್ಲಿ ಕಂಡಿತು. ರಾಜ್ಯಾಧಿಕಾರವನ್ನು ಮರಾಠರು ಕೊಟ್ಟಿರಲಿಲ್ಲ. ಬ್ರಿಟಿಷರ ಕಾಲದಿಂದ ನಡೆದುಬಂದ ರೂಢಿಯ ಬಲದಿಂದ ಜನರಿಗೂ ಸಿವಿಲ್ ಅಧಿಕಾರಿಗಳಿಗೂ ಸರಕಿಗೂ ದಾರಿಯುಂಟು, ಸೈನ್ಯಕ್ಕೂ ಪೊಲೀಸಿಗೂ ಆಯುಧಗಳಿಗೂ ಇಲ್ಲವೆಂದು ನಿರ್ಣಯವಾಯಿತು. 1954ರಲ್ಲಿ ದಾರಿಯನ್ನು ತಡೆದ ಭಾರತದ ಮೇಲೆ ತಪ್ಪು ಹೊರಿಸಲಿಲ್ಲ.