ಹದಿನೈದು ಕನ್ನಡ ಪದಗಳ ಪಾಠ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯೆಯಲ್ಲ, ಸಾಫ್ಟ್‌ವೇರ್ ಕೆಲಸದವಳು. ನನ್ನ ದೊಡ್ಡಮ್ಮ ಚೆನ್ನೈ ಹೊರವಲಯದ ಒಂದು ಹಿರಿಯರ ಆರೈಕೆ ಮನೆಯಲ್ಲಿದ್ದಾರೆ. ಅವರಿಗೆ ಡಿಮೆನ್ಷಿಯಾ ಇದೆ, ನಾವು ಮರೆಗುಳಿ ಕಾಯಿಲೆ ಅನ್ನುತ್ತೇವಲ್ಲ, ಅದು. ವಾರಕ್ಕೊಮ್ಮೆ ಹೋಗಿ ಬರುವಾಗ ಕಂಡದ್ದು ಮತ್ತು ಈ ಬಗ್ಗೆ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಇಂದು ನಿಮ್ಮ ಮುಂದೆ ಇಡುತ್ತೇನೆ.

ಇದು ಯಾರದೋ ಮನೆಯ ಸಮಸ್ಯೆಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಮಕ್ಕಳು ದೂರದಲ್ಲಿರುವ ಮನೆಗಳಲ್ಲಿ ಇವರನ್ನು ನೋಡಿಕೊಳ್ಳುವವರು ಸಂಬಳಕ್ಕೆ ಬಂದ ಹೆಣ್ಣುಮಕ್ಕಳು. ಅವರಿಗೆ ಸ್ನಾನ ಮಾಡಿಸುವುದು, ಬಿಪಿ ನೋಡುವುದು, ಮಗ್ಗುಲು ಬದಲಿಸುವುದು ಹೇಳಿಕೊಟ್ಟಿರುತ್ತಾರೆ. ಹೇಗೆ ಮಾತಾಡಬೇಕು ಎಂಬುದನ್ನು ಮಾತ್ರ ಬಹಳ ಕಡೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮಾತಾಡಲು ಬಾರದವರು ಯಾರು, ಅದಕ್ಕೂ ತರಬೇತಿ ಬೇಕೇ ಅನ್ನಿಸಬಹುದು. ಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ಒಂದು ಮುಖ್ಯ ವಿಷಯ ಹೇಳಿದರು. ಈ ರೋಗಿಗಳ ಎಲ್ಲ ತೊಂದರೆಯೂ ಮೆದುಳಿನಿಂದಲೇ ಬರುವುದಿಲ್ಲ. ಸುತ್ತಲಿನವರು ನಡೆದುಕೊಳ್ಳುವ ರೀತಿಯೂ ಅವರನ್ನು ಕುಗ್ಗಿಸುತ್ತದೆ. ಮಗುವಿನಂತೆ ಮುದ್ದುಗರೆಯುವುದು, ಎದುರಿಗಿರುವಾಗಲೇ ಅವರ ಬಗ್ಗೆ ಬೇರೆಯವರ ಹತ್ತಿರ ಮಾತಾಡುವುದು, ಅವರ ವೇಗಕ್ಕೆ ಮೀರಿ ಅವಸರಪಡಿಸುವುದು. ಇದನ್ನೆಲ್ಲ ಕೆಟ್ಟ ಮನಸ್ಸಿನಿಂದ ಯಾರೂ ಮಾಡುವುದಿಲ್ಲ. ತಿಳಿಯದೆ ಮಾಡುತ್ತಾರೆ. ಅದಕ್ಕೇ ಹೇಳಿಕೊಡಬೇಕು.

ಕಲಿಸಬೇಕಾದದ್ದು ಕಷ್ಟದ ಪಾಠವೇನಲ್ಲ. ಹಿಂದಿನಿಂದ ಬಂದು ಮುಟ್ಟಬಾರದು. ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಬಗ್ಗಿ, ಹೆಸರು ಹಿಡಿದು ಕರೆಯಬೇಕು. ಒಂದು ಸಲಕ್ಕೆ ಒಂದೇ ಮಾತು ಹೇಳಿ ಉತ್ತರಕ್ಕೆ ಕಾಯಬೇಕು. “ನಾನು ಯಾರು ಹೇಳಿ ನೋಡೋಣ” ಎಂದು ಪರೀಕ್ಷೆ ಮಾಡಬಾರದು. ಸಂಜೆ ಹೊತ್ತು “ಮನೆಗೆ ಹೋಗಬೇಕು” ಎಂದರೆ “ಇದೇ ನಿಮ್ಮ ಮನೆ” ಎಂದು ವಾದಿಸುವುದಕ್ಕಿಂತ “ನಿಮ್ಮ ಮನೇಲಿ ಈ ಹೊತ್ತಿಗೆ ಏನು ಮಾಡ್ತಿದ್ರಿ?” ಎಂದು ಕೇಳಿದರೆ ಅವರ ಮನಸ್ಸಿಗೆ ಸಮಾಧಾನ. ಗಲಾಟೆ ಮಾಡಿದರೆ ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮೊದಲು ಏನಾಯಿತು ಎಂದು ಬರೆದಿಡಬೇಕು. ಒಂದು ವಾರ ಬರೆದರೆ ಸಾಕು, ಬಹಳ ಸಲ ಕಾರಣ ಸಿಗುತ್ತದೆ: ತಣ್ಣನೆಯ ನೀರು, ಜೋರು ಟಿವಿ, ಮಲಬದ್ಧತೆ.

ಇಂಥ ತರಬೇತಿಯಿಂದ ಏನು ಪ್ರಯೋಜನ? ಬ್ರಿಟನ್ನಿನ 69 ಆರೈಕೆ ಮನೆಗಳಲ್ಲಿ, 800ಕ್ಕೂ ಹೆಚ್ಚು ನಿವಾಸಿಗಳ ಮೇಲೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಿಬ್ಬಂದಿಗೆ ತರಬೇತಿ ಕೊಟ್ಟು, ವಾರಕ್ಕೆ ಸುಮಾರು ಒಂದು ಗಂಟೆ ಇಷ್ಟವಾದ ವಿಷಯದ ಒಡನಾಟ ಇಟ್ಟ ಕಡೆ ತಳಮಳ ಕಡಿಮೆಯಾಗಿ, ಬದುಕಿನ ಗುಣಮಟ್ಟ ಹೆಚ್ಚಿತು. ಇಲ್ಲದಿದ್ದರೆ ಏನಾಗುತ್ತದೆ? “ತುಂಬಾ ಹಟ ಮಾಡ್ತಾರೆ” ಎಂಬ ದೂರು ಹೋಗುತ್ತದೆ, ಮಂಪರು ಬರಿಸುವ ಮಾತ್ರೆ ಬರುತ್ತದೆ. ಇಂಥ ಸ್ಥಿತಿಯಲ್ಲಿ ಕೊಡುವ ಮನೋರೋಗದ ಕೆಲವು ಔಷಧಿಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ವೈದ್ಯರು ಬೇಕೆಂದಾಗ ಮಾತ್ರೆ ಬೇಕು, ನಾವಾಗಿ ನಿಲ್ಲಿಸಲೂಬಾರದು. ಆದರೆ ಮಾತು ಅರ್ಥವಾಗದ ಕಾರಣಕ್ಕೆ ಮಾತ್ರೆ ಬರಬಾರದು.

ಇಲ್ಲಿಗೆ ನಮ್ಮ ವಿಷಯಕ್ಕೆ ಬಂದೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸರಾಸರಿ 4.5 ವರ್ಷ ತಡವಾಗಿ ಕಾಣಿಸಿಕೊಂಡಿತು ಎಂದು 2013ರಲ್ಲಿ ತೋರಿಸಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂದು ಬದುಕುವ ನಮಗೆ ಇದು ಸಂತೋಷದ ಸುದ್ದಿ. ಆದರೆ ಕಾಯಿಲೆ ಬಂದ ಮೇಲೆ ಕೆಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ದೊಡ್ಡಮ್ಮ ನಲವತ್ತು ವರ್ಷ ಮಾಂಬಲದ ಮಾರುಕಟ್ಟೆಯಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡಿದವರು. ಈಗ ಅವರ ಬಾಯಲ್ಲಿ ಬರುವುದು ಬರೀ ಕನ್ನಡ. ಅವರನ್ನು ನೋಡಿಕೊಳ್ಳುವ ಹುಡುಗಿಯರಲ್ಲಿ ಒಬ್ಬಳು ವಿಲ್ಲುಪುರದ ಕಡೆಯವಳು, ಇನ್ನೊಬ್ಬಳು ಒಡಿಶಾದವಳು.

“ಬೇಡ” ಅಂದರೆ ತಮಿಳಿನ ಹುಡುಗಿಗೆ ಗೊತ್ತಾಗುತ್ತದೆ, “ವೇಂಡಾಂ”ಗೆ ಹತ್ತಿರ. “ಸಾಕು” ಗೊತ್ತಾಗುವುದಿಲ್ಲ, ಅವರು ಸಾಕು ಸಾಕು ಅನ್ನುತ್ತಿರುತ್ತಾರೆ, ಇವಳು ತುತ್ತು ಇಡುತ್ತಲೇ ಇರುತ್ತಾಳೆ, ಕೊನೆಗೆ ತಟ್ಟೆ ತಳ್ಳುತ್ತಾರೆ. “ಚಳಿ” ಅಂದರೆ ಇವಳ ಕಿವಿಗೆ “ಸಳಿ”, ತಮಿಳಿನಲ್ಲಿ ನೆಗಡಿ, ಕಫ. ಬೇಕಾಗಿದ್ದದ್ದು ಕಂಬಳಿ, ಬಂದದ್ದು ಕೆಮ್ಮಿನ ಸಿರಪ್ಪು! ನಗು ಬರುತ್ತದೆ, ನಿಜ. “ಎದೆ ನೋವು” ಎಂಬ ಮಾತು ಅರ್ಥವಾಗದೆ ಹೋದರೆ ಮಾತ್ರ ನಗುವ ಹಾಗಿಲ್ಲ.

ಅದಕ್ಕೆ ನಾನು ಎರಡು ಹಾಳೆ ಮಾಡಿ ಕೋಣೆಯ ಗೋಡೆಗೆ ಅಂಟಿಸಿದೆ. ಒಂದರಲ್ಲಿ ಹದಿನೈದು ಕನ್ನಡ ಪದಗಳು, ತಮಿಳು ಲಿಪಿಯಲ್ಲಿ ಮತ್ತು ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ: ನೋವು, ಸಾಕು, ಚಳಿ, ಸೆಕೆ, ಹೊಟ್ಟೆ, ಎದೆ, ಭಯ, ಹಸಿವು, ಬಾಯಾರಿಕೆ, ಒಂದಕ್ಕೆ, ಎರಡಕ್ಕೆ ಇತ್ಯಾದಿ. ಇನ್ನೊಂದರಲ್ಲಿ ಅವರ ಬದುಕು: ಹೆಸರು, ಊರು, ಹಾಲು ಹಾಕಿದ ಕಾಫಿ, ಬೆಳಗ್ಗೆ ಮೊದಲು ದೇವರ ದೀಪ, ಎಡಗಿವಿ ಮಂದ. ಒಡಿಶಾದ ಹುಡುಗಿ ಎರಡೇ ವಾರದಲ್ಲಿ “ಸಾಕಾ ಅಮ್ಮ?” ಎಂದು ಕೇಳಲು ಕಲಿತಳು. ತಟ್ಟೆ ತಳ್ಳುವುದು ಬಹಳ ಕಡಿಮೆಯಾಯಿತು. ತನ್ನ ಭಾಷೆಯವರಿಲ್ಲದ ಊರಿನಲ್ಲಿರುವುದು ಏನೆಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆರೈಕೆ ಮನೆ ಹುಡುಕುವಾಗ ಬೆಡ್ಡು, ಬಾತ್‌ರೂಮು ನೋಡುತ್ತೇವೆ. ಇನ್ನು ಮೂರು ಪ್ರಶ್ನೆ ಕೇಳಿ. ಡಿಮೆನ್ಷಿಯಾ ಬಗ್ಗೆ ಸಿಬ್ಬಂದಿಗೆ ತರಬೇತಿ ಯಾರು ಕೊಡುತ್ತಾರೆ? ಹೊಸದಾಗಿ ಸೇರಿದವರಿಗೂ ಕೊಡುತ್ತೀರಾ? ಅದು ಡ್ಯೂಟಿ ಸಮಯದಲ್ಲೋ, ಹನ್ನೆರಡು ಗಂಟೆ ದುಡಿದ ಮೇಲೋ? ದಣಿದವರಿಂದ ತಾಳ್ಮೆ ನಿರೀಕ್ಷಿಸುವುದು ನ್ಯಾಯವಲ್ಲ. ಸಹಾಯಕ್ಕೆ ಸಂಸ್ಥೆಗಳಿವೆ. 1984ರಲ್ಲಿ ಚೆನ್ನೈನಲ್ಲಿ ಆರಂಭವಾದ ಸ್ಕಾರ್ಫ್‌ನ ‘ಡೆಮ್‌ಕೇರ್ಸ್’, 1992ರಲ್ಲಿ ಕೇರಳದಲ್ಲಿ ಹುಟ್ಟಿ ಇಲ್ಲೂ ಶಾಖೆ ಇರುವ ಎಆರ್‌ಡಿಎಸ್‌ಐ, ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್.

ಆದರೆ ಕನ್ನಡದ ಪಾಠವನ್ನು ಅವರಾರೂ ನಮ್ಮ ಪರವಾಗಿ ಮಾಡಲಾರರು. ವೇದಿಕೆಯ ಮುಂದೆ ನನ್ನ ಸಲಹೆ ಇಷ್ಟೇ. ಈ ಹದಿನೈದು ಪದಗಳನ್ನು ನಮ್ಮಲ್ಲೇ ಒಬ್ಬರ ದನಿಯಲ್ಲಿ ಧ್ವನಿಮುದ್ರಿಸಿ, ತಮಿಳು, ಹಿಂದಿ ಅರ್ಥದೊಡನೆ ವಾಟ್ಸಾಪಿನಲ್ಲಿ ಕಳಿಸೋಣ. ಆರೈಕೆ ಮನೆಯಲ್ಲಿರುವ ಕನ್ನಡದ ಹಿರಿಯರ ಪಟ್ಟಿಯನ್ನು ಅವರ ಮನೆಯವರ ಒಪ್ಪಿಗೆಯಿಂದ ಮಾಡಿ, ಇಬ್ಬಿಬ್ಬರಾಗಿ ವಾರಕ್ಕೆ ಒಂದು ಗಂಟೆ ಹೋಗಿ ಕೂರೋಣ. ಹಾಳೆಯ ನಮೂನೆ ನನ್ನ ಬಳಿ ಇದೆ. ಬೇಕಾದವರು ಸಭೆ ಮುಗಿದ ಮೇಲೆ ದಯವಿಟ್ಟು ಹೆಸರು ಬರೆಸಿ.